ರಾಡಾರ್ ಎಕ್ಸ್‌ರೇ ಅಲ್ಲ

ಸಂಪಾದಕರೇ,

ವಿಮಾನದ ರಾಡಾರ್ ನೆಲದಡಿಯ ಗುಡಿ, ಕೋಟೆಗಳನ್ನೆಲ್ಲ ಎಕ್ಸ್‌ರೇ ಹಾಗೆ ತೋರಿಸಿಬಿಡುತ್ತದೆ ಎಂಬ ನಂಬಿಕೆ ಜಾಸ್ತಿಯಾಗಿದೆ. ಅಷ್ಟು ಸುಲಭವಿಲ್ಲ. 2000ದಲ್ಲಿ ಕಾಂಬೋಡಿಯಾದ ಹಳೆಯ ರಾಜಧಾನಿ ಅಂಕೋರ್ ಮೇಲೆ ಹಾರಿದ ನಾಸಾ ವಿಮಾನದ ರಾಡಾರ್‌ಗೆ ಕಂಡದ್ದು ಗದ್ದೆಗಳ ನಡುವಿನ ಸಣ್ಣ ಏರುತಗ್ಗು, ತೇವದ ವ್ಯತ್ಯಾಸ, ಗಿಡಗಂಟಿಯ ಬದಲಾವಣೆ. ಅಂದರೆ ಹೂಳು ತುಂಬಿದ ಕೆರೆ, ಸವೆದ ಒಡ್ಡುಗಳ ಗುರುತು ಅಷ್ಟೇ. ಆಮೇಲೆ ಸಂಶೋಧಕರು ಗದ್ದೆಬದುಗಳ ಮೇಲೆ ಓಡಾಡಿ ಒಂದೊಂದನ್ನೇ ನೋಡಬೇಕಾಯಿತು. 2007ರ ನಕ್ಷೆಯಲ್ಲಿ ಸುಮಾರು 1000 ಚದರ ಕಿ.ಮೀ. ಹರಡಿದ ಊರು ಮೂಡಿದ್ದು ಹೀಗೆ.

ಸಹಾರಾದ ಕತೆ ಬೇರೆ. 1981ರಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ರಾಡಾರ್‌ಗೆ ಮರಳಿನಡಿಯ ನದಿಪಾತ್ರಗಳೇ ಕಂಡವು. ಅಲ್ಲಿ ಮರಳು ಪೂರ್ತಿ ಒಣಗಿತ್ತು, ಅಲ್ವಾ? ನಮ್ಮ ಒದ್ದೆ ಎರೆಮಣ್ಣಿನಲ್ಲಿ ಅದು ಕಷ್ಟ. ಇಂಥ ಸುದ್ದಿ ಬರೆಯುವಾಗ ಮಣ್ಣು ಎಂಥದ್ದು ಎಂದೂ ಒಂದು ಸಾಲು ಸೇರಿಸಿ.

– ಒಬ್ಬ ಓದುಗ, ಧಾರವಾಡ