ಕುರ್ಚಿ ಯಾರಿಗೆ, ಬರಿಗಾಲು ಯಾರಿಗೆ

ಗೆಳೆಯಾ,

ನಿಮ್ಮ ತಾತನ ಆಫೀಸಿನ ಬೀಳ್ಕೊಡುಗೆ ಫೋಟೋ ವಾಟ್ಸಾಪಿನಲ್ಲಿ ಬಂತು. "ಎಲ್ಲರಿಗೂ ಎಂಥಾ ಗತ್ತು ನೋಡು" ಅಂತ ಬರೆದಿದ್ದೀಯ. ಎಲ್ಲರಿಗೂ ಅಲ್ಲ ಕಣೋ. ಜೂಮ್ ಮಾಡಿ ಕಾಲು ನೋಡು.

ನಡುವಿನ ಕುರ್ಚಿಯಲ್ಲಿ ಹಾರ ಹಾಕಿಕೊಂಡ ಸಾಹೇಬರು. ಆಚೀಚೆ ಜರಿಪೇಟ, ಕೋಟು, ಕಚ್ಚೆಪಂಚೆಯವರು. ಇವರಿಗೆಲ್ಲ ಬೂಟು. ಹಿಂದೆ ನಿಂತ ಗುಮಾಸ್ತರ ಕಾಲು ಕಾಣುವುದೇ ಇಲ್ಲ, ಅವರ ಪುಣ್ಯ. ಎರಡೂ ತುದಿಯಲ್ಲಿ ಜವಾನರಿದ್ದಾರಲ್ಲ, ಅವರ ಎದೆಗೆ ಅಡ್ಡಪಟ್ಟಿ, ಅದರ ಮೇಲೆ ಹೊಳೆಯುವ ಬಿಲ್ಲೆ, ಕೆಳಗೆ ಬರಿಗಾಲು. ಪಟ್ಟಿ ಸರ್ಕಾರದ್ದು, ಕಾಲು ಅವರದ್ದು! ಅಡಿಯಲ್ಲಿ ಅಚ್ಚು ಮಾಡಿಸಿದ ಹೆಸರುಗಳನ್ನೂ ಓದು. ಕೂತವರಿಗೆ ಇನಿಷಿಯಲ್ಲು, ಡಿಗ್ರಿ ಎಲ್ಲ ಇದೆ. ನಿಂತವರಿಗೆ ಬರೀ ಹೆಸರು. ಜವಾನರಿಗೆ ಅದೂ ಇಲ್ಲ. ನಿಮ್ಮ ತಾತ ಎರಡನೇ ಸಾಲು, ಅಲ್ವಾ? ಕುರ್ಚಿಗೆ ಬರಲು ಇನ್ನೆಷ್ಟು ಬಡ್ತಿ ಬೇಕಿತ್ತೋ.

ಸ್ಟುಡಿಯೋದಲ್ಲಿ ಒಬ್ಬೊಬ್ಬರೇ ತೆಗೆಸಿಕೊಂಡ ಫೋಟೋ ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. 1854ರಲ್ಲಿ ಪ್ಯಾರಿಸ್ಸಿನ ಫೋಟೋಗ್ರಾಫರ್ ಡಿಸ್ಡೆರಿ ಒಂದೇ ಗಾಜಿನ ಪ್ಲೇಟಿನಲ್ಲಿ ಹಲವು ಚಿಕ್ಕ ಚಿತ್ರ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ವಿಸಿಟಿಂಗ್ ಕಾರ್ಡಿನಷ್ಟು ಗಾತ್ರ. ರೇಟು ಇಳಿಯಿತು. ಚಿತ್ರಗಾರನನ್ನು ಕೂರಿಸಿ ಬರೆಸುವಷ್ಟು ದುಡ್ಡಿಲ್ಲದವರಿಗೂ ತಮ್ಮದೊಂದು ಚಿತ್ರ ಸಿಕ್ಕಿತು. ನಮ್ಮ ಬೆಂಗಳೂರಿನಲ್ಲೂ ಅಷ್ಟೇ, ಜಿ.ಕೆ. ವೇಲ್ ಫೋಟೋ ಸ್ಟುಡಿಯೋ 1910ರಷ್ಟು ಹಳೆಯದು. ಆ ಕಾಲದ ಸ್ಟುಡಿಯೋಗಳಲ್ಲಿ ಬಣ್ಣದ ಪರದೆ, ಕಂಬ, ಹೂದಾನಿ, ದಪ್ಪ ಪುಸ್ತಕ ಎಲ್ಲ ರೆಡಿ ಇರುತ್ತಿತ್ತು. ಕೆಲವು ಕಡೆ ಕೋಟೂ ಸಿಗುತ್ತಿತ್ತು. ಹಾಕಿಕೊಂಡು ಕೂತರೆ ಗುಮಾಸ್ತನೂ ಅಮಲ್ದಾರನೇ. ಇದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ಆಫೀಸಿನಲ್ಲಿ ಸಿಗದ ಕುರ್ಚಿ ಅಲ್ಲಿ ಸಿಕ್ಕಿತಲ್ಲ.

ಇನ್ನು, ಯಾರೂ ನಕ್ಕಿಲ್ಲ ಯಾಕೆ ಅಂತ ಕೇಳಿದ್ದೀಯ. ಕ್ಯಾಮೆರಾ ನಿಧಾನ ಇತ್ತು, ತುಂಬ ಹೊತ್ತು ಅಲುಗಾಡದೆ ಇರಬೇಕಿತ್ತು, ಅದಕ್ಕೇ ಅನ್ನುತ್ತಾರೆ. ಶುರುವಿನ ಫೋಟೋಗಳ ಮಟ್ಟಿಗೆ ಅದು ಸರಿ. ಆದರೆ 1880ರ ಹೊತ್ತಿಗೇ ಡ್ರೈ ಪ್ಲೇಟು, ಅಂದರೆ ಮೊದಲೇ ಮದ್ದು ಬಳಿದು ಒಣಗಿಸಿದ ಗಾಜು ಬಂದು, ಒಳ್ಳೇ ಬಿಸಿಲಿದ್ದರೆ ಒಂದು ಸೆಕೆಂಡೂ ಬೇಕಿರಲಿಲ್ಲ. ನಿಮ್ಮ ತಾತನ ಕಾಲಕ್ಕೆ ಆ ನೆಪ ನಡೆಯುವುದಿಲ್ಲ. ಸಾಹೇಬರ ಹಿಂದೆ ನಿಂತು ಹಲ್ಲು ಕಿರಿಯುವುದುಂಟೇ?

ಒಂದು ಕೆಲಸ ಮಾಡು. ಫೋಟೋವನ್ನು ನಿಮ್ಮ ದೊಡ್ಡತ್ತೆಗೆ ತೋರಿಸು. ಮನೆಗೆ ಫೈಲು ಹೊತ್ತು ತರುತ್ತಿದ್ದವರು ಆ ಜವಾನರೇ ತಾನೇ, ಅವರ ಹೆಸರು ದೊಡ್ಡತ್ತೆಗೆ ನೆನಪಿರಬಹುದು. ಸಿಕ್ಕರೆ ಹಿಂದಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಡು. ಪೆನ್ನು ಬೇಡ, ಶಾಯಿ ಇಳಿಯುತ್ತದೆ.

ಇಂತಿ ನಿನ್ನ
ಬೆಂಗಳೂರಿನ ಗೆಳೆಯ