ಟಿವಿಯಲ್ಲಿ ಗೇಟು ಕಂಡರೆ ರೆಕಾರ್ಡ್ ಆಗುತ್ತಿದೆ ಎಂದಲ್ಲ

ಸಂಪಾದಕರಿಗೆ,

ಮಾನ್ಯರೇ,

ಮನೆಗೆ ಸಿಸಿಟಿವಿ ಹಾಕಿಸಿಕೊಂಡವರು ಟಿವಿಯಲ್ಲೋ ಮೊಬೈಲಿನಲ್ಲೋ ಗೇಟು ಕಾಣುತ್ತಿದ್ದರೆ ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ಹಾರ್ಡ್ ಡಿಸ್ಕ್ ಬೇಕಿರುವುದು ದೃಶ್ಯ ಉಳಿಸಿಡಲು; ಲೈವ್ ಚಿತ್ರಕ್ಕೆ ಅದು ಬೇಕೇ ಇಲ್ಲ. ಡಿಸ್ಕ್ ಸತ್ತು ಆರು ತಿಂಗಳಾಗಿದ್ದರೂ ಡಿವಿಆರ್ (ಕ್ಯಾಮೆರಾಗಳ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ) ಚಿತ್ರ ತೋರಿಸುತ್ತಲೇ ಇರುತ್ತದೆ. ವಿಷಯ ಬಯಲಾಗುವುದು ಕಳ್ಳತನವಾದ ಮರುದಿನ, ಪೊಲೀಸರು ಬಂದು ಫುಟೇಜ್ ಕೇಳಿದಾಗ. ಪೆಟ್ಟಿಗೆಯನ್ನು ಅಂಗಡಿಗೆ ಒಯ್ದರೆ ‘ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ಹಾಕಿ’ ಎಂಬ ಒಂದೇ ತೀರ್ಪು. ಎಷ್ಟೋ ಸಲ ಹೋಗಿರುವುದು ಡಿಸ್ಕ್ ಅಲ್ಲ, ಅದಕ್ಕೆ ಕರೆಂಟ್ ಕೊಡುವ ಅಡಾಪ್ಟರ್.

ಮೊದಲು ಒಂದು ಎಚ್ಚರಿಕೆ. ಡಿಸ್ಕ್ ಕೈಕೊಟ್ಟಾಗ ಡಿವಿಆರ್ ತಾನಾಗಿಯೇ ಫಾರ್ಮ್ಯಾಟ್ ಅಥವಾ ಇನಿಶಿಯಲೈಸ್ ಮಾಡಲೇ, ಅಂದರೆ ಡಿಸ್ಕನ್ನು ಅಳಿಸಿ ಹೊಸದಾಗಿ ಸಜ್ಜುಗೊಳಿಸಲೇ ಎಂದು ಕೇಳುವುದುಂಟು. ಹಳೆಯ ದೃಶ್ಯ ಬೇಕಿದ್ದರೆ ಅದನ್ನು ಒತ್ತಲೇಬೇಡಿ. ಡಿಸ್ಕನ್ನು ಬಿಚ್ಚಿ ಕಂಪ್ಯೂಟರಿಗೆ ಸಿಕ್ಕಿಸಿದಾಗ ವಿಂಡೋಸ್ ಕೂಡ ಇದನ್ನೇ ಕೇಳುತ್ತದೆ. ಹೆಚ್ಚಿನ ಡಿವಿಆರ್‌ಗಳು ತಮ್ಮದೇ ಆದ ಕಡತ ವ್ಯವಸ್ಥೆಯಲ್ಲಿ ಬರೆಯುವುದರಿಂದ ಚೆನ್ನಾಗಿರುವ ಡಿಸ್ಕ್ ಕೂಡ ವಿಂಡೋಸಿಗೆ ಖಾಲಿಯಂತೆಯೇ ಕಾಣುತ್ತದೆ. ‘ಕ್ಯಾನ್ಸಲ್’ ಒತ್ತಿ ಹೊರಬನ್ನಿ. ಡಿವಿಆರ್ ಆನ್ ಇದ್ದಷ್ಟು ಹೊತ್ತೂ ಹಳೆಯ ದೃಶ್ಯದ ಮೇಲೆ ಹೊಸದು ಬರೆಯುತ್ತಾ ಹೋಗಬಹುದು, ಹಾಗಾಗಿ ಬೇಕಾದ ಫುಟೇಜ್ ಪ್ಲೇಬ್ಯಾಕಿನಲ್ಲಿ ಸಿಗದಿದ್ದರೆ ಮೊದಲ ಕೆಲಸ ಡಿವಿಆರ್ ಆಫ್ ಮಾಡುವುದು.

ಡಿವಿಆರ್ ಕುಂಯ್ ಕುಂಯ್ ಎಂದು ಬೀಪ್ ಹೊಡೆಯುತ್ತಿದ್ದರೆ ಅದು ದೂರು ಹೇಳುತ್ತಿದೆ ಎಂದರ್ಥ: ಡಿಸ್ಕ್ ಇಲ್ಲ, ತುಂಬಿದೆ ಅಥವಾ ದೋಷವಿದೆ. ದುರಂತವೆಂದರೆ ಎಷ್ಟೋ ಜೋಡಣೆಗಾರರು ಸದ್ದಿನ ಕಾಟ ತಪ್ಪಿಸಲು ಎಕ್ಸೆಪ್ಶನ್ ಮೆನುವಿನಲ್ಲಿ ಬೀಪನ್ನೇ ಬಂದ್ ಮಾಡಿ ಹೋಗಿರುತ್ತಾರೆ. ಮೆನುವಿನ ಸ್ಟೋರೇಜ್ ಭಾಗ ತೆರೆದು ಡಿಸ್ಕಿನ ಸ್ಥಿತಿ ನೋಡಿ. ‘ನಾರ್ಮಲ್’ ಎಂದಿದ್ದು, ನಿನ್ನೆಯ ದೃಶ್ಯ ಪ್ಲೇಬ್ಯಾಕಿನಲ್ಲಿ ಓಡಿದರೆ ಸರಿ. ಡಿಸ್ಕ್ ಸಾಲೇ ಕಾಣಿಸದಿದ್ದರೆ, ಅಥವಾ ಒಮ್ಮೆ ಕಂಡು ಇನ್ನೊಮ್ಮೆ ಮಾಯವಾದರೆ, ಮೊದಲ ಅನುಮಾನ ಅಡಾಪ್ಟರಿನ ಮೇಲೆ.

ಕಾರಣ ಸರಳ. ನಾಲ್ಕು ಚಾನೆಲಿನ ಮನೆ ಡಿವಿಆರ್‌ಗೆ ಸಾಮಾನ್ಯವಾಗಿ 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಬರುತ್ತದೆ. ಮೂರೂವರೆ ಇಂಚಿನ ಡಿಸ್ಕ್ ನಿಂತಲ್ಲಿಂದ ತಿರುಗಲು ಶುರುಮಾಡುವ ಕೆಲವು ಸೆಕೆಂಡು ಅದೊಂದೇ ಒಂದೂವರೆಯಿಂದ 2 ಆಂಪಿಯರ್ ಎಳೆಯಬಲ್ಲದು. ಒಮ್ಮೆ ವೇಗಕ್ಕೆ ಬಂದ ಮೇಲೆ ಅರ್ಧ ಆಂಪಿಯರ್ ಕೂಡ ಬೇಕಿಲ್ಲ. ಎರಡು ಮೂರು ವರ್ಷ ಬಿಸಿಯಲ್ಲಿ ಕುದಿದ ಅಡಾಪ್ಟರಿನೊಳಗೆ ಕೆಪಾಸಿಟರ್ ಉಬ್ಬಿ ಶಕ್ತಿ ಕುಂದಿರುತ್ತದೆ. ಆಗ ಡಿಸ್ಕ್ ತಿರುಗಲು ಹೊರಟು, ವೋಲ್ಟೇಜ್ ಕುಸಿದು, ಟಕ್ ಎಂದು ನಿಂತು, ಮತ್ತೆ ಹೊರಡುತ್ತದೆ. ಕೇಳುವವರಿಗೆ ಡಿಸ್ಕಿನ ಹೆಡ್ (ಓದಿ ಬರೆಯುವ ಭಾಗ) ಹೋದಂತೆಯೇ ಅನಿಸುತ್ತದೆ. ಮಲ್ಟಿಮೀಟರ್ ಹಿಡಿದು ಬಿಡಿ ಅಡಾಪ್ಟರ್ ಅಳೆದರೆ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ, ಏಕೆಂದರೆ ಹೊರೆಯಿಲ್ಲ. ಡಿಸ್ಕ್ ಹೊರಡುವ ಹೊತ್ತಿನಲ್ಲಿ ಅಳೆದಾಗ 11.4ಕ್ಕಿಂತ ಕೆಳಗೆ ಬಿದ್ದರೆ ಅಡಾಪ್ಟರನ್ನು ಬದಲಿಸಿ. ಮೀಟರ್ ಇಲ್ಲದವರು 12 ವೋಲ್ಟ್ 3 ಆಂಪಿಯರಿನ ಒಳ್ಳೆಯ ಅಡಾಪ್ಟರ್ ಹಾಕಿ ನೋಡಲಿ. ಆಂಪಿಯರ್ ಹೆಚ್ಚಿದ್ದರೆ ಹಾನಿಯಿಲ್ಲ. ವೋಲ್ಟೇಜು ಮತ್ತು ಪಿನ್ನಿನ ಧ್ರುವ ಮಾತ್ರ ಪೆಟ್ಟಿಗೆಯ ಮೇಲೆ ಬರೆದಂತೆಯೇ ಇರಬೇಕು. ನೆಟ್‌ವರ್ಕ್ ಕೇಬಲಿನಲ್ಲೇ ಕ್ಯಾಮೆರಾಗೆ ಕರೆಂಟ್ ಕೊಡುವ (ಪಿಒಇ) ಎನ್‌ವಿಆರ್‌ಗಳಲ್ಲಿ, ಅಂದರೆ ಐಪಿ ಕ್ಯಾಮೆರಾಗಳ ರೆಕಾರ್ಡರ್‌ಗಳಲ್ಲಿ, ಕೆಲವು 48 ವೋಲ್ಟಿನವು, ಅವುಗಳ ಅಡಾಪ್ಟರನ್ನು ಮಿಕ್ಕವಕ್ಕೆ ಸಿಕ್ಕಿಸಿದರೆ ಬೋರ್ಡೇ ಸುಟ್ಟೀತು. ಕ್ಯಾಮೆರಾಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆಯಿಂದಲೇ (ಎಸ್‌ಎಂಪಿಎಸ್) ಡಿವಿಆರ್‌ಗೂ ಒಂದು ವೈರ್ ಎಳೆಯುವ ಉಳಿತಾಯವೂ ಬೇಡ. ರಾತ್ರಿ ಇನ್‌ಫ್ರಾರೆಡ್ ದೀಪಗಳು ಹತ್ತಿದ ಕೂಡಲೇ ಡಿಸ್ಕ್ ಬಿಟ್ಟುಹೋಗುವುದು ಇಂಥ ಕಡೆಯೇ.

ಅಡಾಪ್ಟರ್ ಸರಿಯಿದ್ದರೆ ಪ್ಲಗ್ ಕಿತ್ತು, ಮುಚ್ಚಳದ ಸ್ಕ್ರೂ ಬಿಚ್ಚಿ, ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ನೋಡಿ. ಡೇಟಾ ಕೇಬಲ್ ಮತ್ತು ಬೋರ್ಡಿನಿಂದ ಬರುವ ಪವರ್ ಕೇಬಲ್ ಎರಡನ್ನೂ ತೆಗೆದು ಹಾಕಿ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಗೆ ಈ ತಾಮ್ರದ ತುದಿಗಳು ಕಪ್ಪಾಗುವುದು ಮಾಮೂಲು; ಐಸೊಪ್ರೊಪಿಲ್ ಆಲ್ಕೋಹಾಲ್ ಹಚ್ಚಿ ಒರೆಸಿದರೆ ಸಾಕಾಗುತ್ತದೆ. ಮುಚ್ಚಳ ತೆಗೆದಾಗ ಒಳಗೆ ಹಲ್ಲಿ ಮೊಟ್ಟೆಯೋ ಇರುವೆ ಗೂಡೋ ಸಿಕ್ಕರೆ ಗಾಬರಿಯಾಗಬೇಡಿ, ಬೆಚ್ಚಗಿನ ಜಾಗ ಅವಕ್ಕೂ ಇಷ್ಟ.

ಡಿಸ್ಕ್ ನಿಜಕ್ಕೂ ಕೆಟ್ಟಿದೆಯೇ ಎಂದು ಅದನ್ನೇ ಕೇಳಬಹುದು. ಮೆನುವಿನಲ್ಲಿ ‘ಸ್ಮಾರ್ಟ್’ ಎಂಬ ಪಟ್ಟಿ ಇರುತ್ತದೆ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ ಅದು. ಇಲ್ಲದಿದ್ದರೆ 12 ವೋಲ್ಟ್ ಅಡಾಪ್ಟರ್ ಇರುವ ಯುಎಸ್‌ಬಿ ಡಾಕಿನಲ್ಲಿ (ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನ) ಡಿಸ್ಕ್ ಇಟ್ಟು ಕಂಪ್ಯೂಟರಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ತೆರೆಯಿರಿ. ನೋಡಬೇಕಾದ್ದು ನಾಲ್ಕೇ ಸಾಲು, ಅದರಲ್ಲೂ ಮೂಲ ಸಂಖ್ಯೆ (ರಾ ವ್ಯಾಲ್ಯೂ). ಸಾಲಿನ ನಂಬರ್ ಎಂದರೆ ಅದರ ಮುಂದೆ ಬರೆದಿರುವ ಐಡಿ. 5ನೆಯ ಸಾಲು ಕೆಟ್ಟ ಸೆಕ್ಟರುಗಳ (ಡಿಸ್ಕಿನ ಪುಟ್ಟ ಚೂರುಗಳ) ಬದಲಿಗೆ ಮೀಸಲಿನಿಂದ ಕೊಟ್ಟವುಗಳ ಲೆಕ್ಕ. 197 ಓದಲಾಗದೆ ಕಾದಿರುವವು. 198 ಓದಲು ಸಾಧ್ಯವೇ ಇಲ್ಲದವು. ಈ ಮೂರೂ ಸೊನ್ನೆಯಿರಬೇಕು. ಒಂದೆರಡು ಇದ್ದು ತಿಂಗಳುಗಟ್ಟಲೆ ಅಷ್ಟೇ ನಿಂತಿದ್ದರೆ ಕಣ್ಣಿಡಿ, ವಾರವಾರವೂ ಏರುತ್ತಿದ್ದರೆ ಫುಟೇಜ್ ತೆಗೆದಿಟ್ಟುಕೊಂಡು ಡಿಸ್ಕ್ ಬದಲಿಸಿ. 199 ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ತಪ್ಪು ಕೇಬಲಿನದು. ಆ ಲೆಕ್ಕ ಸೊನ್ನೆಗೆ ಮರಳುವುದಿಲ್ಲ. ಕೇಬಲ್ ಬದಲಿಸಿ, ಸಂಖ್ಯೆ ಬರೆದಿಟ್ಟುಕೊಂಡು, ವಾರದ ಮೇಲೆ ಅಷ್ಟೇ ಇದೆಯೇ ನೋಡಿ. ಕೆಲವು ಪೆಟ್ಟಿಗೆಗಳಲ್ಲಿ 197, 198, 199ರ ಬದಲು ಸಿ5, ಸಿ6, ಸಿ7 ಎಂದಿರುತ್ತದೆ. ಸೀಗೇಟ್ ಡಿಸ್ಕುಗಳ 1ನೆಯ ಸಾಲಿನಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಂಡರೆ ಹೆದರಬೇಕಿಲ್ಲ, ಅದರ ಲೆಕ್ಕದ ರೀತಿಯೇ ಹಾಗೆ.

ಇಷ್ಟೆಲ್ಲ ಸರಿಯಿದ್ದೂ ದೃಶ್ಯ ಸಿಗದಿದ್ದರೆ ತಾರೀಖು ನೋಡಿ. ಬೋರ್ಡಿನ ಮೇಲಿನ 3 ವೋಲ್ಟಿನ ಬಿಲ್ಲೆ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ನಿಮ್ಮ ಫುಟೇಜ್ ಆ ಹಳೆಯ ತಾರೀಖಿನಡಿ ಕೂತಿರುತ್ತದೆ. ಓವರ್‌ರೈಟ್ (ಹಳೆಯದರ ಮೇಲೆ ಹೊಸದು ಬರೆಯುವುದು) ಆಫ್ ಆಗಿದ್ದರೆ ಡಿಸ್ಕ್ ತುಂಬಿದ ದಿನವೇ ರೆಕಾರ್ಡಿಂಗ್ ನಿಂತಿರುತ್ತದೆ.

ಹೊಸದು ಕೊಳ್ಳುವುದೇ ಆದರೆ ಕಣ್ಗಾವಲಿಗೆಂದೇ ಮಾಡಿದ ಡಿಸ್ಕ್ ಕೊಳ್ಳಿ: ಪರ್ಪಲ್, ಸ್ಕೈಹಾಕ್ ಹೆಸರಿನವು ಅಂಥವು. ಕಂಪ್ಯೂಟರ್ ಡಿಸ್ಕ್ ಕೂಡ ಓಡುತ್ತದಲ್ಲ ಎಂದು ವಾದಿಸುವವರಿದ್ದಾರೆ. ಓಡುತ್ತದೆ, ನಿಜ. ಆದರೆ ಡಿವಿಆರ್‌ನಲ್ಲಿ ಹಗಲೂ ರಾತ್ರಿ ಓಡಬೇಕು, ವರ್ಷಕ್ಕೆ 8,760 ಗಂಟೆ. ಕೆಲವು ಡೆಸ್ಕ್‌ಟಾಪ್ ಡಿಸ್ಕುಗಳ ವಿವರಪಟ್ಟಿಯಲ್ಲಿರುವುದು 2,400 ಗಂಟೆ. ಅದಕ್ಕಿಂತ ಮುಖ್ಯ, ಡೆಸ್ಕ್‌ಟಾಪ್ ಡಿಸ್ಕ್ ಒಂದು ಸೆಕ್ಟರ್ ಓದಲಾಗದಿದ್ದರೆ ಹಟ ಹಿಡಿದು ಹಲವು ಸೆಕೆಂಡು ಪ್ರಯತ್ನಿಸುತ್ತದೆ. ಕಡತಕ್ಕೆ ಅದು ಒಳ್ಳೆಯದೇ, ಆದರೆ ಅಷ್ಟರಲ್ಲಿ ಕ್ಯಾಮೆರಾಗಳಿಂದ ಬಂದದ್ದು ಉಕ್ಕಿ ಹರಿದು, ಡಿಸ್ಕ್ ಇಲ್ಲವೆಂದೇ ಡಿವಿಆರ್ ಕೈಬಿಡುತ್ತದೆ. ಕಣ್ಗಾವಲಿನ ಡಿಸ್ಕ್ ಅಂಥ ಚೂರನ್ನು ಬಿಟ್ಟು ಮುಂದೆ ಹೋಗುತ್ತದೆ.

ಎಷ್ಟು ದೊಡ್ಡದು ಬೇಕು ಎಂಬುದು ಗುಣಾಕಾರ. ಒಂದು ಕ್ಯಾಮೆರಾ 2 ಎಂಬಿಪಿಎಸ್‌ ಬಿಟ್‌ರೇಟಿನಲ್ಲಿ (ಸೆಕೆಂಡಿಗೆ 2 ಮೆಗಾಬಿಟ್) ದಿನಕ್ಕೆ 21.6 ಜಿಬಿ ತಿನ್ನುತ್ತದೆ. ನಾಲ್ಕಕ್ಕೆ 86.4 ಜಿಬಿ, ಅಂದರೆ 1 ಟಿಬಿಗೆ ಸುಮಾರು 11 ದಿನ. ಡಿವಿಆರ್ ಎಚ್.265 (ದೃಶ್ಯವನ್ನು ಹೆಚ್ಚು ಕುಗ್ಗಿಸಿ ಉಳಿಸುವ ವಿಧಾನ) ಒಪ್ಪಿದರೆ ಅರ್ಧ ಬಿಟ್‌ರೇಟಿಗೆ ಇಳಿಸಿ 23 ದಿನ ಪಡೆಯಬಹುದು. ಜನ ಸೇರುವ ವಾಣಿಜ್ಯ ಸ್ಥಳಗಳು 30 ದಿನದ ಫುಟೇಜ್ ಇಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಮನೆಗೆ ಆ ಕಟ್ಟಳೆಯಿಲ್ಲ, ಊರಿಗೆ ಹೋಗಿ ಬರುವಷ್ಟು ದಿನದ್ದು ಇದ್ದರಾಯಿತು. ನಿಮ್ಮ ಡಿವಿಆರ್ ಎಷ್ಟು ಟಿಬಿ ತನಕ ಒಪ್ಪುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಹಳೆಯ ಡಿಸ್ಕಿಗೆ ಹೊಸ ಕವರ್ ಹಾಕಿ ಮಾರುವ ದಂಧೆಯೂ ಇದೆ: ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಿ, ಸ್ಮಾರ್ಟ್ ಪಟ್ಟಿಯ 9ನೆಯ ಸಾಲಿನ ಗಂಟೆಗಳನ್ನೂ ನೋಡಿ. ಗಂಟೆಗಳನ್ನು ಅಳಿಸುವ ಕೈಚಳಕ ಇರುವುದರಿಂದ ಎರಡನ್ನೂ ನೋಡಲೇಬೇಕು.

ಡಿಸ್ಕನ್ನು ಕೊಲ್ಲುವ ಇನ್ನಿಬ್ಬರು ಶಾಖ ಮತ್ತು ಕರೆಂಟ್ ಕಡಿತ. ಟಿವಿ ಸ್ಟ್ಯಾಂಡಿನ ಮುಚ್ಚಿದ ಗೂಡಿನಲ್ಲಿ, ಸೆಟ್‌ಟಾಪ್ ಬಾಕ್ಸಿನ ಬೆನ್ನ ಮೇಲೆ ಡಿವಿಆರ್ ಇಡಬೇಡಿ. ಸುತ್ತ ನಾಲ್ಕು ಬೆರಳು ಜಾಗ ಬಿಡಿ. ಸ್ಮಾರ್ಟ್ ಪಟ್ಟಿಯ 194ನೆಯ ಸಾಲಿನ ಉಷ್ಣಾಂಶ 45 ಡಿಗ್ರಿಯೊಳಗಿದ್ದರೆ ಚೆನ್ನ, ಮಧ್ಯಾಹ್ನ 55 ದಾಟುತ್ತಿದ್ದರೆ ಜಾಗ ಬದಲಿಸಿ. ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ಯಾವ ದೃಶ್ಯ ಎಲ್ಲಿದೆ ಎಂಬ ಸೂಚಿ ಹಾಳಾಗಬಹುದು, ಆದ್ದರಿಂದ ಡಿವಿಆರ್ ಇನ್‌ವರ್ಟರ್ ಲೈನಿನಲ್ಲಿರಲಿ. ರೌಟರಿಗೆಂದು ಸಿಗುವ ಪುಟ್ಟ ಯುಪಿಎಸ್‌ಗಳಲ್ಲಿ 2 ಆಂಪಿಯರಿನವು ಡಿಸ್ಕ್ ಹೊರಡುವಾಗ ಮುಗ್ಗರಿಸಬಹುದು.

ಕಳ್ಳತನದ ದೃಶ್ಯವಿರುವ ಡಿಸ್ಕನ್ನು ಬಿಚ್ಚಬೇಕಾದರೆ ಸೀರಿಯಲ್ ನಂಬರಿನ ಫೋಟೊ ತೆಗೆದು ಆ್ಯಂಟಿಸ್ಟ್ಯಾಟಿಕ್ ಕವರಿನಲ್ಲಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಡಿಜಿಟಲ್ ದಾಖಲೆಯ ಜೊತೆ ಹ್ಯಾಶ್ ಮೌಲ್ಯವಿರುವ (ಕಡತ ಬದಲಾಗಿಲ್ಲ ಎಂದು ತೋರಿಸುವ ಅಂಕಿ-ಅಕ್ಷರಗಳ ಗುರುತು) ಪ್ರಮಾಣಪತ್ರ ಬೇಕು. ಮೊಬೈಲಿನಲ್ಲಿ ಟಿವಿ ಪರದೆಯನ್ನು ಚಿತ್ರೀಕರಿಸಿ ವಾಟ್ಸ್ಆ್ಯಪ್ ಮಾಡಿದ್ದು ಅದಕ್ಕೆ ಸಾಟಿಯಲ್ಲ.

ಜೋಡಣೆ ಮಾಡುವ ನಮ್ಮವರಲ್ಲಿ ಮೂರು ಕೇಳಿಕೆ. ಬಿಲ್ಲಿನಲ್ಲಿ ‘1 ಟಿಬಿ ಎಚ್‌ಡಿಡಿ’ ಎಂದಷ್ಟೇ ಗೀಚದೆ ಮಾದರಿ ಮತ್ತು ಸೀರಿಯಲ್ ನಂಬರ್ ಬರೆದುಕೊಡಿ. ಬೀಪ್ ಬಂದ್ ಮಾಡಬೇಡಿ. ಅಡ್ಮಿನ್ ಪಾಸ್‌ವರ್ಡನ್ನು ಮನೆಯವರ ಕೈಗೆ ಕೊಡಿ; ಅದಿಲ್ಲದೆ ಮೇಲೆ ಬರೆದ ಮೆನುಗಳಲ್ಲಿ ಹೆಚ್ಚಿನವು ಅವರಿಗೆ ತೆರೆಯುವುದೇ ಇಲ್ಲ.

– ಸಿಸಿಟಿವಿ ಜೋಡಣೆ, ದುರಸ್ತಿ ಕೆಲಸದವರು, ಶಿವಮೊಗ್ಗ