ಮಾಸ್ತರರ ಹೆಸರಿನ ವೃತ್ತ ಬೇಡ, ಆ ಬೆಂಚಿಗೆ ಒಬ್ಬರನ್ನು ಕೊಡಿ

ಮಾನ್ಯ ಶಾಸಕರೇ,

ನಮ್ಮೂರಿನ ಮಾಸ್ತರರು ತೀರಿಕೊಂಡಾಗ ನೀವು ಸಂತಾಪ ಸೂಚಿಸಿದಿರಿ. ಬಸ್ ನಿಲ್ದಾಣದ ಬಳಿಯ ವೃತ್ತಕ್ಕೆ ಅವರ ಹೆಸರಿಡುವುದಾಗಿ ಘೋಷಿಸಿದಿರಿ. ಉಪಕಾರವಾಯಿತು. ಆದರೆ ನಮಗೆ ವೃತ್ತ ಬೇಡ. ಅವರು ಸರ್ಕಾರಿ ಕಚೇರಿಯ ಜಗಲಿಯ ಬೆಂಚಿನಲ್ಲಿ ಕುಳಿತು ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಸಂಬಳ ಕೊಟ್ಟು ಒಬ್ಬರನ್ನು ನೇಮಿಸಿ.

ಆ ಕೆಲಸ ಏನೆಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಸಂತೆಯ ದಿನ ಅವರು ಒಂದು ಬಾಟಲಿ ನೀರು, ಒಂದು ಪಂಚೆಯ ತುಂಡು, ಒಂದು ಉದ್ದನೆಯ ನೋಟುಬುಕ್ಕು ಹಿಡಿದು ಬರುತ್ತಿದ್ದರು. ಯಾರ ಪಿಂಚಣಿ ಯಾವ ತಿಂಗಳಿಂದ ನಿಂತಿದೆ, ಯಾರ ಪಾಸ್‌ಬುಕ್ಕಿಗೆ ಆಧಾರ್ ಜೋಡಣೆಯಾಗಿಲ್ಲ ಎಂಬುದೆಲ್ಲ ಆ ಪುಸ್ತಕದಲ್ಲಿತ್ತು. ಮಕ್ಕಳು ಹೊರಹಾಕಿದ ತಾಯಂದಿರಿಗೆ 2007ರ ಹಿರಿಯ ನಾಗರಿಕರ ಕಾಯ್ದೆಯನ್ನು ತಿಳಿಸಿ, ಉಪವಿಭಾಗಾಧಿಕಾರಿಯವರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಚಹಾ ಕೊಡಿಸಲು ಹೋದರೆ ಬೈಯುತ್ತಿದ್ದರು. ಸ್ವಲ್ಪ ಸಿಡುಕಿನ ಮನುಷ್ಯ, ಅದನ್ನೂ ಹೇಳಬೇಕು.

ನನ್ನ ಅತ್ತೆ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ, ಮೀನು ಹೆಚ್ಚಿ ಸಂಸಾರ ಸಾಕಿದವರು. ಹೆಬ್ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ, ಬೆರಳ ಗುರುತು ಹಿಡಿಯುವ ಯಂತ್ರಕ್ಕೆ ಅವು ಕಾಣಿಸುವುದೇ ಇಲ್ಲ. ಮಾಸ್ತರರು ಆ ಬೆರಳನ್ನು ತೊಳೆದು, ಒರೆಸಿ, ಒಂದು ಗಳಿಗೆ ಬಿಟ್ಟು, 'ಈಗ ಒತ್ತು ತಂಗಿ, ಮೆಲ್ಲಗೆ' ಎನ್ನುತ್ತಿದ್ದರು. ಆಗಲೂ ಹೊಂದದಿದ್ದರೆ ಕಣ್ಣಿನ ಪಾಪೆ ನೋಡಿ ಎಂದು ಒಳಗಿನವರ ಜತೆ ಜಗಳಕ್ಕೇ ನಿಲ್ಲುತ್ತಿದ್ದರು. ಬೆರಳ ಗುರುತು ಹೊಂದದವರಿಗೆ ಬೇರೆ ದಾರಿಯಿದೆ ಎಂಬ ನಿಯಮ ನಿಮಗೆ ಗೊತ್ತೇ ಇದೆ. ಆ ಕಿಟಕಿಯ ಆಚೆ ಕುಳಿತವರಿಗೆ ಮಾತ್ರ ಗೊತ್ತಿಲ್ಲ. ಮಾಸ್ತರರು ಹೋದ ಮೇಲೆ ಅತ್ತೆಯ ಸಂಧ್ಯಾ ಸುರಕ್ಷಾ ಯೋಜನೆಯ ವೃದ್ಧಾಪ್ಯ ಪಿಂಚಣಿ ನಿಂತಿದೆ. ತಿಂಗಳಿಗೆ 1,200 ರೂಪಾಯಿ. ನಿಮಗೆ ಅದು ಒಂದು ಹಾರದ ಖರ್ಚು. ಅವರಿಗೆ ಬಿಪಿ ಮಾತ್ರೆ, ಎಲೆ ಅಡಿಕೆ, ಮೊಮ್ಮಗಳ ಕೈಗಿಡುವ ಹತ್ತು ರೂಪಾಯಿ.

ಶ್ರದ್ಧಾಂಜಲಿ ಸಭೆಯ ದಿನದ ಸಂಗತಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಂದು ಸಂತೆ. ಅತ್ತೆಯಂಥವರು ಬೆಳಗಿನ ಬಸ್ಸಿಗೇ ಬಂದು ಜಗಲಿ ಹಿಡಿದಿದ್ದರು. ಸಿಬ್ಬಂದಿಯೆಲ್ಲ ಸಭೆಗೆ ಹೋಗಬೇಕೆಂದು ಕಚೇರಿಗೆ ಬೀಗ! ಸರಿ, ಮಾಸ್ತರರಿಗೆ ಕೈಮುಗಿದಾದರೂ ಹೋಗೋಣವೆಂದು ಸಭಾಭವನಕ್ಕೆ ನಡೆದರೆ, ಕುರ್ಚಿಗಳೆಲ್ಲ ಗಣ್ಯರಿಗಂತೆ. ಎಂಬತ್ತರ ಮುದುಕಿಯರು ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದರು. ನೀವು ತಡವಾಗಿ ಬಂದಿರಿ. 'ಹಿರಿಯರ ಸೇವೆಯೇ ದೇವರ ಸೇವೆ' ಎಂದಿರಿ. ಹಿರಿಯರನ್ನು ಸರಿಸಿ ನಿಮಗೆ ದಾರಿ ಮಾಡಿಕೊಟ್ಟರು. ಮಾಸ್ತರರು ಇದ್ದಿದ್ದರೆ ತಮ್ಮ ಸಂತಾಪ ಸಭೆಯಿಂದಲೇ ಎದ್ದು ಹೋಗುತ್ತಿದ್ದರು.

ಇನ್ನು ನಿಮ್ಮ ಆಪ್ತರು ಹಿರಿಯ ನಾಗರಿಕರ 14567 ಸಹಾಯವಾಣಿಗೆ ಕರೆ ಮಾಡಿ ಎಂದರು. ಮಾಡಬಹುದು. ದೂರವಾಣಿಗೆ ಬೆರಳು ತೊಳೆಯಲು ಬರುತ್ತದೆಯೇ, ಸ್ವಾಮಿ?

ದೊಡ್ಡ ಆಸ್ಪತ್ರೆಗಾಗಿ ಇಡೀ ಜಿಲ್ಲೆ ಕೂಗುತ್ತಲೇ ಇದೆ, ನಾವಿನ್ನೂ ರೋಗಿಗಳನ್ನು ಮಣಿಪಾಲಕ್ಕೋ ಗೋವಾಕ್ಕೋ ಹೊರುತ್ತಿದ್ದೇವೆ. ಅದಕ್ಕೆ ಕೋಟಿಗಟ್ಟಲೆ ಬೇಕು, ಸರಿ. ನಾನು ಕೇಳುತ್ತಿರುವುದಕ್ಕೆ ಏನು ಬೇಕು? ಅರ್ಜಿ ತುಂಬಲು ಬರುವ, ಮುದುಕರ ಮೇಲೆ ರೇಗದ ಒಬ್ಬ ಸಿಬ್ಬಂದಿ. ಸಂತೆಯ ದಿನ, ಬೆಳಗಿನ ಬಸ್ಸಿನ ಹೊತ್ತಿನಿಂದ ಮಧ್ಯಾಹ್ನದವರೆಗೆ. ಅದೇ ಬೆಂಚು ಸಾಕು, ಹೊಸದು ಬೇಡ. ಉದ್ಘಾಟನೆಯೂ ಬೇಡ.

ವೃತ್ತಕ್ಕೆ ತೆಗೆದಿಟ್ಟ ಹಣದಲ್ಲೇ ಆ ಸಿಬ್ಬಂದಿಯನ್ನು ಕೊಡಿ. ಮಾಸ್ತರರ ನೋಟುಬುಕ್ಕು ಅವರ ಮನೆಯಲ್ಲಿದೆ, ಕೇಳಿದರೆ ಕೊಡುತ್ತೇವೆ ಎಂದಿದ್ದಾರೆ. ಪಿಂಚಣಿ ನಿಂತವರ ಹೆಸರುಗಳು ಅದರಲ್ಲಿವೆ. ನನ್ನ ಅತ್ತೆಯ ಹೆಸರನ್ನು ಅದಕ್ಕೆ ಸೇರಿಸಿಕೊಳ್ಳಲು ಹೇಳಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು